ಕಿಣ್ವ ಶುದ್ಧೀಕರಣದ ಪ್ರಯೋಗವನ್ನು ತುಂಡರಿಸಬೇಡಿ

ಮಾನ್ಯ ಸಂಪಾದಕರೇ,

ಕಚ್ಚಾ ಸಾರದಿಂದ ಒಂದು ಕಿಣ್ವವನ್ನು ಹಂತಹಂತವಾಗಿ ಬೇರ್ಪಡಿಸಿ, ಅದರ ಗುಣಗಳನ್ನು ಅಳೆದು ನೋಡುವ ಪ್ರಯೋಗವು ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ಹಲವು ವಾರಗಳನ್ನು ಬೇಡುತ್ತದೆ. ಸಮಯ ಸಾಲದೆಂಬ ಕಾರಣಕ್ಕೆ ಅದನ್ನು ಕತ್ತರಿಸಿ, ಒಂದು ದಿನ ಪ್ರೋಟೀನಿನ ಅಳತೆ, ಇನ್ನೊಂದು ದಿನ ಬಾಟಲಿಯಲ್ಲಿ ಸಿದ್ಧವಾಗಿ ಬಂದ ಶುದ್ಧ ಕಿಣ್ವದ ವೇಗ, ಮತ್ತೊಂದು ದಿನ ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಎಂದು ಸಂಬಂಧವಿಲ್ಲದ ಬಿಡಿ ಪ್ರಯೋಗಗಳನ್ನಾಗಿ ಮಾಡುವುದುಂಟು. ಹೀಗೆ ಕತ್ತರಿಸಿದರೆ ಪ್ರಯೋಗದ ತಿರುಳೇ ಕೈಬಿಟ್ಟುಹೋಗುತ್ತದೆ ಎಂಬುದು ಈ ವಿಷಯದ ಅಧ್ಯಾಪಕನಾದ ನನ್ನ ಖಚಿತ ಅಭಿಪ್ರಾಯ.

ತರಗತಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ, ಈ. ಕೋಲಿ ಬ್ಯಾಕ್ಟೀರಿಯಾದ ಆಲ್ಕಲೈನ್ ಫಾಸ್ಫಟೇಸನ್ನೇ (ಬೇರೆ ಅಣುಗಳಿಂದ ಫಾಸ್ಫೇಟನ್ನು ಕತ್ತರಿಸಿ ತೆಗೆಯುವ ಕಿಣ್ವ) ತೆಗೆದುಕೊಳ್ಳೋಣ. ಫಾಸ್ಫೇಟಿನ ಕೊರತೆಯಾದಾಗ ಬ್ಯಾಕ್ಟೀರಿಯಾ ಇದನ್ನು ಹೇರಳವಾಗಿ ತಯಾರಿಸಿ, ತನ್ನ ಒಳಪೊರೆ ಮತ್ತು ಹೊರಪೊರೆಗಳ ನಡುವೆ ಇರಿಸಿಕೊಳ್ಳುತ್ತದೆ. ಹೊರಪೊರೆಯನ್ನಷ್ಟೇ ಸಡಿಲಿಸಿ ಕಿಣ್ವವನ್ನು ಹೊರತೆಗೆದು, ಮೆಗ್ನೀಸಿಯಂ ಅಯಾನುಗಳಿರುವ ದ್ರಾವಣದಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಉಳಿದ ಪ್ರೋಟೀನುಗಳಲ್ಲಿ ಬಹುಪಾಲು ಹೆಪ್ಪುಗಟ್ಟಿ ತಳ ಸೇರುತ್ತವೆ, ಈ ಕಿಣ್ವ ಮಾತ್ರ ತಾಳಿಕೊಂಡು ದ್ರಾವಣದಲ್ಲೇ ಉಳಿಯುತ್ತದೆ. ಬಳಿಕ ಅಮೋನಿಯಂ ಸಲ್ಫೇಟಿನಿಂದ ಕಿಣ್ವವನ್ನು ಒತ್ತರಿಸುವುದು (ದ್ರಾವಣದಿಂದ ಘನವಾಗಿ ಬೇರ್ಪಡಿಸುವುದು), ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿ ಕಟ್ಟಿ ಉಪ್ಪು ಕಳೆಯುವುದು, ವಿದ್ಯುದಾವೇಶಕ್ಕೆ ತಕ್ಕಂತೆ ಪ್ರೋಟೀನುಗಳನ್ನು ಬೇರ್ಪಡಿಸುವ ಅಯಾನು ವಿನಿಮಯದ ಕಾಲಮ್ಮಿನಿಂದ ಹನಿಹನಿಯಾಗಿ ಇಳಿಸುವುದು. ಕಾಲಮ್ಮಿನಿಂದ ಬಂದ ಒಂದೊಂದು ಕೊಳವೆಗೂ ಬಣ್ಣವಿಲ್ಲದ, ಆದರೆ ಈ ಕಿಣ್ವ ಕತ್ತರಿಸಿದಾಗ ಹಳದಿ ಬಣ್ಣ ಕೊಡುವ ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟನ್ನು ಸೇರಿಸುತ್ತಾ ಹೋದಾಗ, ಸಾಲಿನಲ್ಲಿ ನಾಲ್ಕೈದು ಕೊಳವೆಗಳು ಮಾತ್ರ ಹಳದಿಗೆ ತಿರುಗುತ್ತವೆ. ಕಿಣ್ವ ಇಳಿದದ್ದು ಎಲ್ಲಿ ಎಂಬುದು ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ನೋಡುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ.

ಇಷ್ಟನ್ನೂ ಒಂದುಗೂಡಿಸುವುದು ಶುದ್ಧೀಕರಣದ ಕೋಷ್ಟಕ. ಕಚ್ಚಾ ಸಾರದಲ್ಲಿ 400 ಮಿಲಿಗ್ರಾಂ ಪ್ರೋಟೀನು, 2000 ಘಟಕ ಚಟುವಟಿಕೆ (ಕಿಣ್ವ ಮಾಡುವ ಕೆಲಸದ ಅಳತೆ) ಇತ್ತೆಂದೂ, ಕೊನೆಯಲ್ಲಿ 8 ಮಿಲಿಗ್ರಾಂ ಪ್ರೋಟೀನು, 1000 ಘಟಕ ಉಳಿಯಿತೆಂದೂ ಇಟ್ಟುಕೊಳ್ಳೋಣ. ಮಿಲಿಗ್ರಾಂಗೆ 5 ಘಟಕವಿದ್ದ ನಿರ್ದಿಷ್ಟ ಚಟುವಟಿಕೆ 125ಕ್ಕೆ ಏರಿತು. ಅಂದರೆ ಕಿಣ್ವವು 25 ಪಟ್ಟು ಶುದ್ಧವಾಯಿತು, ಆದರೆ ಇಳುವರಿ ಶೇ 50 ಮಾತ್ರ. ಅಂಚಿನ ಕೊಳವೆಗಳನ್ನೂ ಸೇರಿಸಿಕೊಂಡರೆ ಇಳುವರಿ ಹೆಚ್ಚುತ್ತದೆ, ಶುದ್ಧತೆ ಕುಗ್ಗುತ್ತದೆ. ಯಾವ ಕೊಳವೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಚೆಲ್ಲಬೇಕು ಎಂಬ ತೀರ್ಮಾನವನ್ನು ವಿದ್ಯಾರ್ಥಿಯೇ ಮಾಡಿ, ಅದರ ಫಲವನ್ನು ಮುಂದಿನ ವಾರ ತಾನೇ ಅನುಭವಿಸಬೇಕು. ಬಿಡಿ ಪ್ರಯೋಗದಲ್ಲಿ ಇದಕ್ಕೆ ಅವಕಾಶವೇ ಇಲ್ಲ.

ಕೋಷ್ಟಕದ ಸಂಖ್ಯೆಗಳು ಕೆಲವೊಮ್ಮೆ ವಿಚಿತ್ರವಾಗಿ ಕಾಣುತ್ತವೆ. ಒಂದು ತಂಡಕ್ಕೆ ಡಯಾಲಿಸಿಸ್ ಆದ ಮೇಲೆ ಒಟ್ಟು ಚಟುವಟಿಕೆ ಕಚ್ಚಾ ಸಾರಕ್ಕಿಂತಲೂ ಹೆಚ್ಚಾಗಿ, ಇಳುವರಿ ಶೇ 100ನ್ನು ಮೀರಬಹುದು. ಪಕ್ಕದ ಮೇಜಿನವರಿಗೆ ಅದೇ ಹಂತದಲ್ಲಿ ಚಟುವಟಿಕೆ ಪಾತಾಳಕ್ಕೆ ಇಳಿದಿರಬಹುದು. ಎರಡಕ್ಕೂ ಕಾರಣ ಒಂದೇ ಆಗಿರಲು ಸಾಧ್ಯ. ಫಾಸ್ಫೇಟು ಈ ಕಿಣ್ವದ ಉತ್ಪನ್ನವೂ ಹೌದು, ಅದರ ಕೆಲಸವನ್ನು ತಡೆಯುವ ಪ್ರತಿಬಂಧಕವೂ ಹೌದು. ಮೊದಲ ತಂಡದ ಚೀಲದಿಂದ ಫಾಸ್ಫೇಟು ಸೋರಿಹೋಗಿ ಕಿಣ್ವ ಬಿಡುಗಡೆಯಾಗಿದೆ. ಎರಡನೆಯ ತಂಡದವರು ಟ್ರಿಸ್ ಬಫರಿನ (ಪಿಎಚ್ ಅನ್ನು ಸ್ಥಿರವಾಗಿಡುವ ದ್ರಾವಣ) ಬದಲು ಫಾಸ್ಫೇಟ್ ಬಫರಿನಲ್ಲಿ ಚೀಲವನ್ನು ಮುಳುಗಿಸಿಟ್ಟಿದ್ದಾರೆ. ಕಿಣ್ವ ಸತ್ತಿಲ್ಲ, ಸುಮ್ಮನಾಗಿದೆ ಅಷ್ಟೇ, ಟ್ರಿಸ್ ಬಫರಿನಲ್ಲಿ ಮತ್ತೆ ಡಯಾಲಿಸಿಸ್ ಮಾಡಿದರೆ ಎಚ್ಚರಗೊಳ್ಳುತ್ತದೆ. ಇದನ್ನು ತಾವೇ ಪತ್ತೆಹಚ್ಚಿದ ವಿದ್ಯಾರ್ಥಿಗಳಿಗೆ ಸ್ಪರ್ಧಾತ್ಮಕ ಪ್ರತಿಬಂಧದ (ಬೇರೊಂದು ಅಣು ಕಿಣ್ವದ ಕೆಲಸದ ಜಾಗವನ್ನು ಹಿಡಿದು ತಡೆಯುವುದು) ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಗುಣಗಳ ಅಳತೆಯಲ್ಲೂ ಇದೇ ಮಾತು. ಪ್ರೋಟೀನಿನ ಉಪಘಟಕಗಳನ್ನು ಬಿಡಿಸಿ ತೋರಿಸುವ ಎಸ್‌ಡಿಎಸ್ ಜೆಲ್ಲಿನಲ್ಲಿ ಸುಮಾರು 47 ಕಿಲೋಡಾಲ್ಟನ್ (ಅಣುತೂಕದ ಮಾನ) ಬಳಿ ಕಾಣುವ ಪಟ್ಟೆಯೇ, ಅವುಗಳನ್ನು ಬಿಡಿಸದ ಜೆಲ್ ಸೋಸುವಿಕೆಯ ಕಾಲಮ್ಮಿನಲ್ಲಿ ಅದರ ಸರಿಸುಮಾರು ಎರಡರಷ್ಟು ತೂಕದ ಪ್ರೋಟೀನಿನಂತೆ ಹೊರಬರುತ್ತದೆ. ಎರಡು ಉತ್ತರಗಳಲ್ಲಿ ಯಾವುದೂ ತಪ್ಪಲ್ಲ, ಕಿಣ್ವದಲ್ಲಿ ಎರಡು ಉಪಘಟಕಗಳಿವೆ. ವೇಗ ಅಳೆಯುವಾಗ ಕಿಣ್ವವನ್ನು ಸಾಕಷ್ಟು ತೆಳುವಾಗಿಸದಿದ್ದರೆ ಮೊದಲ ಓದಿಗೆ ಮುನ್ನವೇ ದ್ರಾವಣ ಪೂರ್ತಿ ಹಳದಿಯಾಗಿ, ಆರಂಭಿಕ ವೇಗ ಕೈಗೆ ಸಿಗುವುದಿಲ್ಲ.

ಸಮಯಕ್ಕಿಂತಲೂ ಹೆಚ್ಚು ಹಾನಿ ಮಾಡುವುದು ಅಂಕ ಕೊಡುವ ಪದ್ಧತಿ. ಪುಸ್ತಕದಲ್ಲಿರುವ ಕೆಎಂ ಮೌಲ್ಯಕ್ಕೆ (ಕಿಣ್ವದ ವೇಗ ಗರಿಷ್ಠದ ಅರ್ಧಕ್ಕೆ ಬರಲು ಬೇಕಾದ ಕ್ರಿಯಾವಸ್ತುವಿನ ಸಾಂದ್ರತೆ) ಎಷ್ಟು ಹತ್ತಿರ ಬಂದಿದೆ ಎಂಬುದನ್ನೇ ಅಳೆದು ಅಂಕ ಕೊಟ್ಟರೆ, ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಹುಡುಕುವುದೇ ವಿದ್ಯಾರ್ಥಿಗೆ ಬುದ್ಧಿವಂತಿಕೆಯಾಗಿ ಕಾಣುತ್ತದೆ. ಈ ಕಿಣ್ವದ ಮಟ್ಟಿಗಂತೂ ಅಂಥ ಹೋಲಿಕೆಗೆ ಅರ್ಥವೂ ಕಡಿಮೆ. ಟ್ರಿಸ್ ಬಫರ್ ತಾನೇ ಫಾಸ್ಫೇಟ್ ಗುಂಪನ್ನು ಸ್ವೀಕರಿಸಿ ಕ್ರಿಯೆಯ ವೇಗವನ್ನು ಹೆಚ್ಚಿಸುವುದರಿಂದ, ಪಿಎಚ್, ಬಫರ್, ಉಪ್ಪಿನ ಪ್ರಮಾಣ ಬದಲಾದಂತೆ ಸಂಖ್ಯೆಯೂ ಬದಲಾಗುತ್ತದೆ.

ಶುದ್ಧತೆಯ ಪ್ರಶ್ನೆ ಹಿಂದಿನ ಘಟಾನುಘಟಿಗಳನ್ನೂ ಕಾಡಿತ್ತು. ಅಮೆರಿಕದ ಜೀವರಸಾಯನ ವಿಜ್ಞಾನಿ ಜೇಮ್ಸ್ ಸಮ್ನರ್ 1926ರಲ್ಲಿ ಜ್ಯಾಕ್ ಬೀನ್ ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ ಕಿಣ್ವವು ಪ್ರೋಟೀನೇ ಎಂದಾಗ, ರಿಚರ್ಡ್ ವಿಲ್‌ಸ್ಟೇಟರ್‌ರಂಥ ನೊಬೆಲ್ ಪುರಸ್ಕೃತರು ಒಪ್ಪಲಿಲ್ಲ. ಅವರ ಕೈಯಲ್ಲಿದ್ದ ತೆಳು ದ್ರಾವಣಗಳು ಚುರುಕಾಗಿ ಕೆಲಸ ಮಾಡುತ್ತಿದ್ದವು, ಆದರೆ ಅಂದಿನ ಪರೀಕ್ಷೆಗಳಿಗೆ ಅವುಗಳಲ್ಲಿ ಪ್ರೋಟೀನು ಕಾಣುತ್ತಿರಲಿಲ್ಲ. ಸಮ್ನರ್‌ಗೆ ನೊಬೆಲ್ ದೊರೆತದ್ದು 1946ರಲ್ಲಿ.

ಆದ್ದರಿಂದ ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಬಿಡಿ ಪ್ರಯೋಗಗಳ ಸಂಖ್ಯೆಯನ್ನು ತಗ್ಗಿಸಿಯಾದರೂ ಈ ಒಂದಕ್ಕೆ ಎಡೆಬಿಡದ ವಾರಗಳನ್ನು ಕೊಡಲಿ. ಪ್ರತಿ ಹಂತದಲ್ಲೂ ಸ್ವಲ್ಪ ಮಾದರಿಯನ್ನು ಶೀತಲಪೆಟ್ಟಿಗೆಯಲ್ಲಿ ತೆಗೆದಿಡುವುದನ್ನು ಕಡ್ಡಾಯಗೊಳಿಸಲಿ, ಏಕೆಂದರೆ ಮಾದರಿ ಇಲ್ಲದಿದ್ದರೆ ಕಿಣ್ವ ಎಲ್ಲಿ ಕಳೆದುಹೋಯಿತೆಂದು ಆಮೇಲೆ ಹುಡುಕಲಾಗದು. ಮೌಖಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಸ್ವಂತ ಕೋಷ್ಟಕವನ್ನು ಮುಂದಿಟ್ಟುಕೊಂಡು, ಅದರಲ್ಲಿನ ಅತ್ಯಂತ ಕೆಟ್ಟ ಸಂಖ್ಯೆಯ ಬಗ್ಗೆಯೇ ಮೊದಲ ಪ್ರಶ್ನೆ ಕೇಳಲಿ.

ಇಂತಿ,
ಜೀವರಸಾಯನ ವಿಜ್ಞಾನದ ಒಬ್ಬ ಅಧ್ಯಾಪಕ