ಪಶುವೈದ್ಯ ಸಂಘದ ಇತಿಹಾಸ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಅಮೆರಿಕದ ರಾಷ್ಟ್ರೀಯ ಪಶುವೈದ್ಯ ಸಂಘದ ಇತಿಹಾಸವನ್ನು ಗುಂಪಿನಲ್ಲಿ ಹಂಚಿಕೊಳ್ಳುವಾಗ ಹೆಸರು ಮತ್ತು ಇಸವಿಗಳು ಬೆರೆಯದಂತೆ ಎಚ್ಚರ ವಹಿಸಬೇಕೆಂದು ಕೋರುತ್ತೇವೆ. ಅಂತರ್ಯುದ್ಧ ಇನ್ನೂ ಮುಗಿಯದಿದ್ದ, ಸೇನೆಗೆ ಕುದುರೆಗಳು ಅನಿವಾರ್ಯವಾಗಿದ್ದರೂ ತರಬೇತಿ ಪಡೆದ ಪಶುವೈದ್ಯರು ವಿರಳವಾಗಿದ್ದ 1863ರಲ್ಲಿ, ಏಳು ರಾಜ್ಯಗಳ ಸುಮಾರು 40 ಪ್ರತಿನಿಧಿಗಳು ನ್ಯೂಯಾರ್ಕ್‌ನಲ್ಲಿ ಸೇರಿ 'ಯುನೈಟೆಡ್ ಸ್ಟೇಟ್ಸ್ ವೆಟರ್ನರಿ ಮೆಡಿಕಲ್ ಅಸೋಸಿಯೇಷನ್' ಸ್ಥಾಪಿಸಿ, ಜೋಸಿಯಾ ಸ್ಟಿಕ್ನಿ ಅವರನ್ನು ಮೊದಲ ಅಧ್ಯಕ್ಷರನ್ನಾಗಿ ಆರಿಸಿದರು. 'ಅಮೆರಿಕನ್' ಎಂದು ಆರಂಭವಾಗುವ ಈಗಿನ ಹೆಸರು ಬಂದದ್ದು 1898ರಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ ಸಭೆಗಳ ಕುರಿತು ಬರೆಯುವಾಗ ಹಳೆಯ ಹೆಸರನ್ನೇ ಬಳಸುವುದು ಸೂಕ್ತ. 1877ರಲ್ಲಿ ಆರಂಭವಾದ 'ಅಮೆರಿಕನ್ ವೆಟರ್ನರಿ ರಿವ್ಯೂ' ಪತ್ರಿಕೆಯೇ (ನಮ್ಮ ಅಭಿಪ್ರಾಯದಲ್ಲಿ ಈ ಇತಿಹಾಸದ ಅತ್ಯಂತ ಸ್ವಾರಸ್ಯಕರ ಭಾಗವಿದು) 1915ರಲ್ಲಿ ಸಂಘದ ಅಧಿಕೃತ ನಿಯತಕಾಲಿಕವಾಯಿತು. ಹಳೆಯ ಸಂಪುಟಗಳಿಂದ ಉಲ್ಲೇಖಿಸುವವರು ಪತ್ರಿಕೆಯ ಆಗಿನ ಹೆಸರನ್ನು ತಪ್ಪದೆ ನಮೂದಿಸಬೇಕು.