ಟಿ.ವಿ.ಯನ್ನು ಮಾನಿಟರ್ ಮಾಡಿಕೊಳ್ಳುವವರಿಗೆ ಇಂಚಿನ ಲೆಕ್ಕವಷ್ಟೇ ಸಾಲದು

ಮಾನ್ಯ ಸಂಪಾದಕರಿಗೆ ವಂದನೆಗಳು.

ಮೂವತ್ತೆರಡು ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅಂದಿನಿಂದ, ಮನೆಗೆ ಒಂದೇ ದೊಡ್ಡ ಪರದೆ ತಂದು, ಸಂಜೆ ಧಾರಾವಾಹಿಗೂ ಹಗಲು ಕಂಪ್ಯೂಟರ್ ಕೆಲಸಕ್ಕೂ ಅದನ್ನೇ ಬಳಸೋಣ ಎಂದು ವಿಚಾರಿಸಿಕೊಂಡು ಬರುವವರು ನನ್ನ ಬಳಿ ಹೆಚ್ಚುತ್ತಿದ್ದಾರೆ. ನಾನು ಹುಬ್ಬಳ್ಳಿಯಲ್ಲಿ ಡಿಟಿಪಿ ಕೆಲಸ ಮಾಡುವವನು. ಪರದೆಯ ಮೇಲೆ ಕನ್ನಡ ಅಕ್ಷರಗಳನ್ನು ತಿದ್ದುವುದೇ ನನ್ನ ಕಸುಬು. ಪರದೆ ಒಡೆದ ಲ್ಯಾಪ್‌ಟಾಪನ್ನು ಎಸೆಯಲಾಗದೆ ಟಿ.ವಿ.ಗೆ ಜೋಡಿಸಿಕೊಳ್ಳುವ ಕಾಲೇಜು ಹುಡುಗರು, ಸೆಕೆಂಡ್ ಹ್ಯಾಂಡ್ ಸಿಪಿಯು ತಂದು ಮಾನಿಟರಿನ ಹಣ ಉಳಿಸುವ ತಂದೆತಾಯಂದಿರು, ಮನೆಯಿಂದಲೇ ಲೆಕ್ಕಪತ್ರ ಬರೆಯುವ ಗೃಹಿಣಿಯರು ಹೀಗೆ ಮಾಡುವುದು ಸಂಪೂರ್ಣ ಸರಿಯಾದ ನಿರ್ಧಾರವೆಂದೇ ನಾನು ನಂಬಿದ್ದೇನೆ. ಆದರೆ ಟಿ.ವಿ.ಯನ್ನು ಮಾರುವವರು ಇಂಚಿನ ಲೆಕ್ಕವನ್ನಷ್ಟೇ ಹೇಳುತ್ತಾರೆ. ಅಕ್ಷರ ಸ್ಪಷ್ಟವಾಗಿ ಕಾಣಲು ಬೇಕಾದ ಲೆಕ್ಕ ಬೇರೆಯೇ ಇದೆ. ಅದನ್ನು ತಿಳಿಸದಿರುವುದರಿಂದ ಆಗುವ ನಷ್ಟ ಕನ್ನಡ ಓದುವವರಿಗೆ ಇಂಗ್ಲಿಷ್ ಓದುವವರಿಗಿಂತ ಹೆಚ್ಚು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಪರದೆಯ ಮೇಲಿನ ಚಿತ್ರವೆಲ್ಲ ಪಿಕ್ಸೆಲ್ ಎಂಬ ಚುಕ್ಕೆಗಳಿಂದ ಆದದ್ದು. ಅಂಗಡಿಗಳಲ್ಲಿ ‘ಎಚ್‌ಡಿ ರೆಡಿ’ ಎಂದು ಮಾರುವ 32 ಇಂಚಿನ ಟಿ.ವಿ.ಗಳಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳಿರುತ್ತವೆ. ಅಂದರೆ ಒಂದು ಇಂಚಿನಲ್ಲಿ ಸುಮಾರು 49 ಚುಕ್ಕೆ. ಕಚೇರಿಗಳಲ್ಲಿ ಬಳಸುವ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿದ್ದು, ಇಂಚಿಗೆ ಸುಮಾರು 92 ಬರುತ್ತವೆ. ಟಿ.ವಿ. ದೊಡ್ಡದಾದ ಮಾತ್ರಕ್ಕೆ ಚುಕ್ಕೆಗಳು ಹೆಚ್ಚುವುದಿಲ್ಲ. 43 ಇಂಚಿನ ಫುಲ್ ಎಚ್‌ಡಿ ಟಿ.ವಿ.ಯಲ್ಲಿ ಇಂಚಿಗೆ 51 ಚುಕ್ಕೆಗಳಷ್ಟೇ ಇರುತ್ತವೆ. ಅದೇ 43 ಇಂಚಿನ 4ಕೆ ಟಿ.ವಿ.ಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆಗಳಿರುವುದರಿಂದ ಇಂಚಿಗೆ 102ರಷ್ಟಾಗಿ, ಅದು ಒಳ್ಳೆಯ ಮಾನಿಟರಿಗೆ ಸರಿಸಮನಾಗಿ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಳತೆಯ ಟಿ.ವಿ.ಗಳು.

ಕನ್ನಡದ ಮಾತು ಬರುವುದು ಇಲ್ಲಿಯೇ. ಇಂಗ್ಲಿಷ್ ಅಕ್ಷರಗಳು ಬಹುಮಟ್ಟಿಗೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಲಿಪಿಯಲ್ಲಿ ತಲೆಕಟ್ಟಿನ ಮೇಲೆ ಗುಣಿತದ ಗುರುತು, ಅಕ್ಷರದ ಬುಡಕ್ಕೆ ಒತ್ತು, ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು ಬರುತ್ತದೆ. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ವಿಂಡೋಸ್ ಮೂಲ ಅಳತೆಯಲ್ಲಿ ಕೊಡುವುದು 16 ಪಿಕ್ಸೆಲ್ ಎತ್ತರವನ್ನು; ಮೂಲಾಕ್ಷರ, ಗುಣಿತ, ಒತ್ತು ಎಲ್ಲವೂ ಅಷ್ಟರೊಳಗೆ ಅಥವಾ ಅದರ ಆಸುಪಾಸಿನಲ್ಲಿ ಹೊಂದಿಕೊಳ್ಳಬೇಕಾಗುತ್ತದೆ. ಒತ್ತಿನ ಪಾಲಿಗೆ ಉಳಿಯುವುದು ಬೆರಳೆಣಿಕೆಯ ಚುಕ್ಕೆಗಳು. ಇನ್ನು ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವೆ ಇರುವ ವ್ಯತ್ಯಾಸವೇ ಕೆಳಗಿನ ಒಂದು ಪುಟ್ಟ ಗೀಟು. ಚುಕ್ಕೆಗಳು ಸಾಲದೆ ಆ ಗೀಟು ಕರಗಿಹೋದರೆ, ಈಗಷ್ಟೇ ಓದಲು ಕಲಿಯುತ್ತಿರುವ ಮಗು ‘ಧನ’ ಮತ್ತು ‘ದನ’ಗಳನ್ನು ಕಣ್ಣಿನಿಂದ ಬೇರ್ಪಡಿಸಲಾಗದೆ ಊಹಿಸಿಕೊಂಡು ಓದಬೇಕಾಗುತ್ತದೆ. ಕರಡು ತಿದ್ದುವ ನಾವು ಅಂಥ ಪರದೆಯ ಮೇಲೆ ಕೆಲಸ ಮಾಡಲು ಒಪ್ಪುವುದಿಲ್ಲ. ಮಕ್ಕಳಿಗೆ ಆ ಆಯ್ಕೆ ಇರುವುದಿಲ್ಲ.

ಎಚ್‌ಡಿ ರೆಡಿ ಟಿ.ವಿ.ಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಹೆಚ್ಚಿನವು 1920x1080ರ ಸಂಕೇತವನ್ನು ಒಪ್ಪಿಕೊಂಡು, ಒಳಗೇ ಕುಗ್ಗಿಸಿ, ತಮ್ಮಲ್ಲಿರುವಷ್ಟು ಚುಕ್ಕೆಗಳಲ್ಲಿ ತೋರಿಸುತ್ತವೆ. ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದರೆ ಅಲ್ಲಿಯೂ 1920x1080 ಎಂದೇ ಕಾಣುತ್ತದೆ. ಕೊಂಡವರು ತಮ್ಮದು ಫುಲ್ ಎಚ್‌ಡಿ ಎಂದೇ ತಿಳಿದಿರುತ್ತಾರೆ. ಅಕ್ಷರ ಮಸುಕಾದದ್ದಕ್ಕೆ ಕೇಬಲ್ಲನ್ನೋ ತಮ್ಮ ಕಣ್ಣನ್ನೋ ದೂರುತ್ತಾರೆ. ಪಟ್ಟಿಯಲ್ಲಿ 1366x768 ಅಥವಾ 1360x768 ಇದ್ದರೆ ಅದನ್ನು ಆರಿಸಿದಾಗ ಸ್ವಲ್ಪ ಸುಧಾರಣೆ ಕಾಣುತ್ತದೆ. ಆದರೆ ಇಲ್ಲದ ಚುಕ್ಕೆಗಳನ್ನು ಯಾವ ಸೆಟ್ಟಿಂಗೂ ತಂದುಕೊಡಲಾರದು.

ಟಿ.ವಿ.ಗೆ ಕಂಪ್ಯೂಟರ್ ಜೋಡಿಸುವುದು ಬಡತನದ ಉಪಾಯವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಬ್ರಿಟನ್ನಿನಲ್ಲಿ 1982ರಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರನ್ನು ಮನೆಯ ಟಿ.ವಿ.ಗೆ ಜೋಡಿಸಿ ಬಳಸುವಂತೆಯೇ ರೂಪಿಸಲಾಗಿತ್ತು; ಅದರ ಚಿತ್ರದಲ್ಲಿದ್ದದ್ದು 256x192 ಚುಕ್ಕೆಗಳು, ಒಂದು ಸಾಲಿಗೆ 32 ಇಂಗ್ಲಿಷ್ ಅಕ್ಷರಗಳು ಮಾತ್ರ. ಮೂವತ್ತು ವರ್ಷಗಳ ನಂತರ, 2012ರಲ್ಲಿ ಮಕ್ಕಳ ಕಲಿಕೆಗೆಂದು ಬಂದ ರಾಸ್ಪ್‌ಬೆರಿ ಪೈ ಕೂಡ ಎಚ್‌ಡಿಎಂಐ ಕೇಬಲ್ಲಿನ ಮೂಲಕ ಟಿ.ವಿ.ಗೆ ಸೇರುವ ಪುಟ್ಟ ಕಂಪ್ಯೂಟರೇ. ಮನೆಯಲ್ಲಿ ಈಗಾಗಲೇ ಇರುವ ಪರದೆಯನ್ನು ಕಲಿಕೆಗೆ ತಿರುಗಿಸಿಕೊಳ್ಳುವ ಆಲೋಚನೆ ಬಹಳ ವಿವೇಕದ್ದು.

ಸರಿಯಾದ ಟಿ.ವಿ. ಇದ್ದೂ ಅಕ್ಷರ ಕೆಡುವುದುಂಟು, ಅದಕ್ಕೆ ಕಾರಣ ಹಲವು. ಕಂಪ್ಯೂಟರ್ ಪರದೆಯ ನಾಲ್ಕೂ ಅಂಚುಗಳು ಕತ್ತರಿಸಿದಂತಾಗಿ ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾಯವಾಗುವುದು ತೀರ ಸಾಮಾನ್ಯವಾದ ದೂರು. ಹಳೆಯ ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಚಿತ್ರದ ಅಂಚುಗಳು ನೇರವಾಗಿ ಬರುತ್ತಿರಲಿಲ್ಲವಾದ್ದರಿಂದ ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುವ ಪದ್ಧತಿಯಿತ್ತು. ಓವರ್‌ಸ್ಕ್ಯಾನ್ ಎಂಬ ಆ ಪದ್ಧತಿ ಇಂದಿನ ಚಪ್ಪಟೆ ಟಿ.ವಿ.ಗಳಲ್ಲಿಯೂ ಅನಗತ್ಯವಾಗಿ ಉಳಿದುಬಂದಿದೆ. ಅಂಚು ಹೋಗುವುದಕ್ಕಿಂತ ದೊಡ್ಡ ಹಾನಿಯೆಂದರೆ, ಹಿಗ್ಗಿಸುವಾಗ ಪ್ರತಿಯೊಂದು ಅಕ್ಷರವೂ ಮಸುಕಾಗುತ್ತದೆ. ಇದನ್ನು ನಿಲ್ಲಿಸುವ ಆಯ್ಕೆಗೆ ಎಲ್‌ಜಿ ‘ಜಸ್ಟ್ ಸ್ಕ್ಯಾನ್’ ಎಂದೂ, ಸ್ಯಾಮ್‌ಸಂಗ್ ‘ಸ್ಕ್ರೀನ್ ಫಿಟ್’ ಅಥವಾ ‘ಫಿಟ್ ಟು ಸ್ಕ್ರೀನ್’ ಎಂದೂ, ಸೋನಿ ‘ಫುಲ್ ಪಿಕ್ಸೆಲ್’ ಎಂದೂ ಹೆಸರಿಟ್ಟಿವೆ. ಒಂದೇ ಕೆಲಸಕ್ಕೆ ಕಂಪನಿಗೊಂದು ಹೆಸರಿದ್ದರೆ ಸಾಮಾನ್ಯ ಬಳಕೆದಾರರು ಹುಡುಕುವುದಾದರೂ ಹೇಗೆ?

ಬಣ್ಣದ ಅಕ್ಷರಗಳದು ಇನ್ನೂ ಸೂಕ್ಷ್ಮವಾದ ವಿಷಯ. ಸಿನಿಮಾ, ಕ್ರಿಕೆಟ್ ಮುಂತಾದ ವಿಡಿಯೊಗಳಲ್ಲಿ ಜಾಗ ಉಳಿಸಲು, ಅಕ್ಕಪಕ್ಕದ ನಾಲ್ಕು ಚುಕ್ಕೆಗಳಿಗೆ ಬೆಳಕಿನ ಪ್ರಮಾಣವನ್ನು ಬೇರೆಬೇರೆಯಾಗಿಯೂ ಬಣ್ಣವನ್ನು ಮಾತ್ರ ಒಟ್ಟಾಗಿಯೂ ಕಳಿಸುತ್ತಾರೆ; ಇದನ್ನು 4:2:0 ಎಂದು ಗುರುತಿಸುತ್ತಾರೆ. ಮನುಷ್ಯನ ಕಣ್ಣು ಬೆಳಕಿನ ವ್ಯತ್ಯಾಸವನ್ನು ಬಣ್ಣದ ವ್ಯತ್ಯಾಸಕ್ಕಿಂತ ಚೆನ್ನಾಗಿ ಗ್ರಹಿಸುವುದರಿಂದ ಆಟಗಾರನ ಮುಖದಲ್ಲಿ ಕೊರತೆ ಕಾಣುವುದಿಲ್ಲ. ಬಿಳಿಯ ಮೇಲಿನ ಕಪ್ಪು ಅಕ್ಷರಕ್ಕೂ ಅಷ್ಟಾಗಿ ಧಕ್ಕೆಯಿಲ್ಲ. ಆದರೆ ಶಿಕ್ಷಕರು ಪಾಠದ ಸ್ಲೈಡಿನಲ್ಲಿ ನೀಲಿಯ ಮೇಲೆ ಕೆಂಪು ಅಕ್ಷರ ಬಳಸಿದ್ದರೆ ಒತ್ತುಗಳೆಲ್ಲ ಕಲಸಿಹೋಗುತ್ತವೆ. ಪ್ರತಿ ಚುಕ್ಕೆಗೂ ಅದರದೇ ಬಣ್ಣ ತಲುಪಬೇಕಾದರೆ ಟಿ.ವಿ. 4:4:4 ಎಂಬ ಪೂರ್ಣ ಸಂಕೇತವನ್ನು ಹಾಗೆಯೇ ತೋರಿಸಬೇಕು. ಎಲ್‌ಜಿ, ಸ್ಯಾಮ್‌ಸಂಗ್ ಕಂಪನಿಗಳ ಅನೇಕ ಮಾದರಿಗಳಲ್ಲಿ ಇನ್‌ಪುಟ್ಟಿನ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಮಾತ್ರ ಇದು ಸಾಧ್ಯವಾಗುತ್ತದೆ. ಹೆಸರು ಬದಲಿಸಿದರೆ ಚಿತ್ರವೇ ಸುಧಾರಿಸುತ್ತದೆಂದು ಕೊಳ್ಳುವವರಿಗೆ ಹೊಳೆಯುವುದು ಸಾಧ್ಯವೇ ಇಲ್ಲ. ಅದನ್ನು ಬಾಯಿಬಿಟ್ಟು ಹೇಳುವುದು ಮಾರುವವರ ಹೊಣೆ. ಶಾರ್ಪ್‌ನೆಸ್ ಅನ್ನು, ಅಕ್ಷರಗಳ ಸುತ್ತಲಿನ ಬಿಳಿ ಅಂಚು ಮರೆಯಾಗುವವರೆಗೆ ತಗ್ಗಿಸುವುದೂ ಅಗತ್ಯ.

ಕೇಬಲ್ಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿರುವ ಎಚ್‌ಡಿಎಂಐ 1.4 ಆವೃತ್ತಿಯ ಕಿಂಡಿ ಸೆಕೆಂಡಿಗೆ 30 ಬಾರಿ ಮಾತ್ರ 4ಕೆ ಚಿತ್ರ ಕಳಿಸಬಲ್ಲದು. 60 ಬಾರಿ ಕಳಿಸಲು 2013ರಲ್ಲಿ ಬಂದ 2.0 ಆವೃತ್ತಿ ಬೇಕು. 30ರಲ್ಲಿ ಮೌಸಿನ ಬಾಣ ಕೈಗಿಂತ ಹಿಂದೆ ಬಿದ್ದಂತೆ ಅನಿಸುತ್ತದೆ. ಟಿ.ವಿ.ಯೂ ತನ್ನ ಪಾಲಿಗೆ ಚಿತ್ರವನ್ನು ಚಂದಗಾಣಿಸಲು ಸಮಯ ತೆಗೆದುಕೊಳ್ಳುವುದರಿಂದ, ‘ಗೇಮ್’ ಅಥವಾ ‘ಪಿಸಿ’ ಆಯ್ಕೆಗೆ ಬದಲಿಸದಿದ್ದರೆ ಒತ್ತಿದ ಅಕ್ಷರ ತಡವಾಗಿ ಮೂಡುತ್ತದೆ. ವಿಜಿಎ ಕಿಂಡಿ ಮಾತ್ರ ಇರುವ ಹಳೆಯ ಸಿಪಿಯುಗಳಿಗೆ ಬರಿಯ ಕೇಬಲ್ ಸಾಲದು; ಅನಲಾಗ್ ಸಂಕೇತವನ್ನು ಡಿಜಿಟಲ್ ಮಾಡುವ ಕನ್ವರ್ಟರ್ ಬೇಕು. ಇದು ತಿಳಿಯದೆ ಬರಿಯ ಕೇಬಲ್ ಕೊಂಡು ಹಣ ಕಳೆದುಕೊಂಡವರು ಬಹಳ ಜನ.

ಟಿ.ವಿ.ಗಳನ್ನು ಗೋಡೆಯ ಮೇಲೆ ಎತ್ತರಕ್ಕೆ ತೂಗುಹಾಕುವುದು ನಮ್ಮ ಮನೆಗಳ ರೂಢಿ. ಗಂಟೆಗಟ್ಟಲೆ ಓದುವ ಮಗು ಕತ್ತೆತ್ತಿ ನೋಡಬಾರದು. ಪರದೆಯ ಮೇಲಂಚು ಕೂತವರ ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗಿರಬೇಕು. ಟಿ.ವಿ.ಯ ಬೆಳಕನ್ನು ಸಿನಿಮಾಕ್ಕೆ ಇಟ್ಟಷ್ಟೇ ಇಟ್ಟು ಬಿಳಿಯ ಪುಟ ಓದುವುದು ಕಣ್ಣಿಗೆ ಹಿಂಸೆ.

ಗ್ರಾಹಕರಿಗೆ ವಸ್ತುವಿನ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿದೆ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕೆಂದು ಹೇಳುವ 2011ರ ಕಾನೂನು ಮಾಪನ ನಿಯಮಗಳೂ, ಅವುಗಳ ಜೊತೆಗೆ ಬೇರೆ ಭಾಷೆ ಬಳಸುವುದನ್ನು ತಡೆಯುವುದಿಲ್ಲ. ಆದ್ದರಿಂದ ಟಿ.ವಿ. ಕಂಪನಿಗಳು ಇಂಚನ್ನು ಮುದ್ರಿಸುವಷ್ಟೇ ದಪ್ಪ ಅಕ್ಷರದಲ್ಲಿ ಪಿಕ್ಸೆಲ್‌ಗಳ ಸಂಖ್ಯೆಯನ್ನೂ, ಕಂಪ್ಯೂಟರ್ ಜೋಡಿಸಿದಾಗ 4:4:4 ಸಿಗುತ್ತದೆಯೇ, ಯಾವ ಎಚ್‌ಡಿಎಂಐ ಕಿಂಡಿಯಲ್ಲಿ ಎಷ್ಟು ಹರ್ಟ್ಸ್ (ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ) ಸಿಗುತ್ತದೆ ಎಂಬುದನ್ನೂ ಡಬ್ಬಿಯ ಮೇಲೆ ಕನ್ನಡದಲ್ಲಿಯೂ ಅಚ್ಚುಹಾಕಬೇಕೆಂದು ಆಗ್ರಹಿಸುತ್ತೇನೆ. ಸರ್ಕಾರಿ ಶಾಲೆಗಳಿಗೆ ಸ್ಮಾರ್ಟ್ ತರಗತಿಗೆಂದು ಟಿ.ವಿ. ಕೊಡಿಸುವ ದಾನಿಗಳೂ, ಖರೀದಿಸುವ ಅಧಿಕಾರಿಗಳೂ ಈ ವಿವರಗಳನ್ನು ದರಪಟ್ಟಿಯಲ್ಲಿಯೇ ಕೇಳಬೇಕು. 55 ಇಂಚು ಎಂದಷ್ಟೇ ಬರೆದು ಸುಮ್ಮನಾಗಬಾರದು.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಒಂದು ಕೆಲಸವಿದೆ. ಅಂಗಡಿಗೆ ಹೋಗುವಾಗ ತಮ್ಮ ಲ್ಯಾಪ್‌ಟಾಪ್ ಮತ್ತು ಎಚ್‌ಡಿಎಂಐ ಕೇಬಲ್ ಜೊತೆಗಿರಲಿ. ಪ್ರದರ್ಶನಕ್ಕೆಂದು ಓಡಿಸುವ ಹೂವು-ಜಲಪಾತಗಳ ವಿಡಿಯೊ ನಿಲ್ಲಿಸಲು ಹೇಳಿ, ಹನ್ನೆರಡು ಪಾಯಿಂಟಿನಲ್ಲಿ ‘ರಾಷ್ಟ್ರ’, ‘ಧನ’, ‘ಫಲ’ ಎಂಬ ಪದಗಳನ್ನು ಕಪ್ಪಿನಲ್ಲೊಮ್ಮೆ, ಕೆಂಪಿನಲ್ಲೊಮ್ಮೆ ಟೈಪ್ ಮಾಡಿ, ಮನೆಯಲ್ಲಿ ಕೂರುವಷ್ಟೇ ದೂರದಿಂದ ಓದಿ ನೋಡಲಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳುವ ಅಗತ್ಯವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಡಿಟಿಪಿ ವೃತ್ತಿಯ ಒಬ್ಬ ಓದುಗ, ಹುಬ್ಬಳ್ಳಿ