ಮೇಷ್ಟ್ರ ಅಳತೆ ಪುಸ್ತಕದಲ್ಲಿ ಉಳಿದ ಬಾಕಿ

ಮಾನ್ಯ ಸಂಪಾದಕರೇ,

ಹಾರ್ಮೋನಿಯಂ ನುಡಿಸಿ ನಮಗೆ ಪೌರಾಣಿಕ ನಾಟಕ ಕಲಿಸುತ್ತಿದ್ದ ಮಂಡ್ಯದ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ತಿಥಿಯ ದಿನ ಮಾತಾಡಿದವರೆಲ್ಲ ‘ಕಲಾಸೇವೆ’ ಎಂದರು, ‘ತುಂಬಲಾರದ ನಷ್ಟ’ ಎಂದರು. ಅವರು ದರ್ಜಿಯಾಗಿದ್ದರು ಎಂಬುದು ಒಬ್ಬರ ಬಾಯಲ್ಲೂ ಬರಲಿಲ್ಲ. ನಾನು ಅವರ ಹತ್ತಿರ ಕಂದಪದ್ಯ ಕಲಿತು ಶಕುನಿ ಪಾತ್ರ ಮಾಡಿದ ರೈತ. ಮೇಷ್ಟ್ರ ಹಾರ್ಮೋನಿಯಂ ಅನ್ನು ಸಾಕಿದ್ದು ಹೊಲಿಗೆ ಮಷಿನ್ನು. ಅದನ್ನು ಬಿಟ್ಟು ಅವರನ್ನು ನೆನೆಯುವುದು ನನಗೆ ಸರಿಕಾಣಲಿಲ್ಲ. ಅದಕ್ಕೇ ಈ ಪತ್ರ.

ಪೇಟೆ ಬೀದಿಗೆ ಸೇರುವ ಒಂದು ಸಂದಿಯಲ್ಲಿ ಅವರ ಅಂಗಡಿ. ಪಟ್ಟಾಪಟ್ಟಿ ಚಡ್ಡಿ, ಜುಬ್ಬ, ಜೂನ್ ಬಂತೆಂದರೆ ಸ್ಕೂಲ್ ಯೂನಿಫಾರಂ. ಕಟಿಂಗ್ ಅವರದು; ಕಾಜ, ಗುಂಡಿ, ಹೆಮ್ಮಿಂಗ್ ಅವರ ಮನೆಯವರದು. ನಾವೆಲ್ಲ ಆಕೆಯನ್ನು ಅಕ್ಕ ಅಂತಲೇ ಕರೆಯುವುದು. ರೆಡಿಮೇಡ್ ಬಂದ ಮೇಲೆ ಹೊಸ ಬಟ್ಟೆ ತರುವವರು ಕಡಿಮೆಯಾಗಿ, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಹಾಕುವುದು, ಇಷ್ಟೇ ಉಳಿಯಿತು. ಆ ದುಡ್ಡಿನಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಡಿಗ್ರಿವರೆಗೆ ಓದಿಸಿದರು.

ನಾವು ಪಾತ್ರಧಾರಿಗಳು ಕೆಲವರು ಸಂಜೆ ಅಂಗಡಿಗೇ ಹೋಗಿ ಕಲಿಯುತ್ತಿದ್ದೆವು. ಕಂದಪದ್ಯದ ನಾಲ್ಕು ಸಾಲಿಗೆ ಒಟ್ಟು 64 ಮಾತ್ರೆ, ನಾಲ್ಕು ನಾಲ್ಕು ಮಾತ್ರೆಯ ಗಣ. ಕಟಿಂಗ್ ಟೇಬಲ್ಲಿನ ಮೇಲೆ ಕತ್ತರಿಯ ಹಿಡಿಯಿಂದ ಗಣ ಬಡಿಯುತ್ತಾ ಒಂದೊಂದೇ ಸಾಲು ಬಾಯಿಗೆ ಹತ್ತಿಸುತ್ತಿದ್ದರು. ಅಕ್ಷರ ಬಾರದ ನಮ್ಮೂರ ಭೀಮ ಹಾಗೇ ಇಡೀ ಪಾತ್ರ ಕಲಿತ. ‘ಮೊದ್ಲು ಲೆಕ್ಕ ಕೂರ್ಲಿ, ಆಮೇಲೆ ರಾಗ ಎಳಿ. ಹಿಂದ್ಗಡೆ ಚಾಪೆ ಮೇಲೆ ಕೂತಿರೋ ಅಜ್ಜಿಗೆ ಮಾತು ಕೇಳ್ನಿಲ್ಲ ಅಂದ್ರೆ ನೀನು ಹಾಡಿ ಏನು ಬಂತಪ್ಪ?’ ಎನ್ನುತ್ತಿದ್ದರು. ರಾಗವಿಸ್ತಾರದಲ್ಲೇ ಪದ್ಯ ಮುಳುಗಿಸುವ ಈಗಿನ ದುರ್ಯೋಧನರನ್ನು ಕಂಡಾಗ ನನಗೆ ಈ ಮಾತು ನೆನಪಾಗುತ್ತದೆ.

ಅವರ ಅಳತೆ ಪುಸ್ತಕವನ್ನು ನೋಡಬೇಕು. ಎದೆ, ಸೊಂಟ, ತೋಳು ಬರೆದ ಪಕ್ಕದಲ್ಲೇ ನಾಟಕದವರ ಹೆಸರಿದ್ದರೆ ಶ್ರುತಿಯೂ, ಅಂದರೆ ಅವರವರ ಗಂಟಲಿಗೆ ಹೊಂದುವ ಹಾರ್ಮೋನಿಯಂ ಮನೆಯೂ (ಕೀಲಿ) ಇರುತ್ತದೆ: ಒಬ್ಬನಿಗೆ ಬಿಳಿ ನಾಲ್ಕು, ಇನ್ನೊಬ್ಬನಿಗೆ ಕಪ್ಪು ಒಂದು. ರಾತ್ರಿ ಹದಿನೈದು ಇಪ್ಪತ್ತು ಪಾತ್ರ ಬಂದು ಹೋಗುವ ನಾಟಕದಲ್ಲಿ ಯಾರ ಗಂಟಲಿಗೆ ಯಾವ ಮನೆ ಎಂದು ತಡವರಿಸಿದ್ದನ್ನು ನಾನು ಕಂಡಿಲ್ಲ. ನಿದ್ದೆಗೆಟ್ಟು ಬೆಳಗಿನ ಜಾವಕ್ಕೆ ನನ್ನ ಗಂಟಲು ಕಟ್ಟಿದರೆ, ಹೇಳುವ ಮೊದಲೇ ಅರ್ಧ ಮನೆ ಕೆಳಗಿಳಿಸಿರುತ್ತಿದ್ದರು. ಜೇಬಿನಲ್ಲಿ ಸೂಜಿ ದಾರ ಸದಾ ಇರುತ್ತಿತ್ತು; ಬಾಡಿಗೆ ಡ್ರೆಸ್ಸು ಹರಿದರೆ ಪರದೆ ಹಿಂದೆ ನಿಂತ ನಿಲುವಿನಲ್ಲೇ ಹೊಲಿದು ಕಳಿಸುತ್ತಿದ್ದರು.

1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಸ್ವರದಿಂದ ಸ್ವರಕ್ಕೆ ಜಾರಲು ಬಾರದ ಪೆಟ್ಟಿಗೆ, ಸ್ವರವನ್ನು ತೂಗಿ ಜಾರಿಸುವ ನಮ್ಮ ಗಮಕ ಅದರಲ್ಲಿ ನುಡಿಯುವುದಿಲ್ಲ ಎಂಬುದು ಒಂದು ಆಕ್ಷೇಪಣೆ. ಮೇಷ್ಟ್ರು ಅದನ್ನು ಒಪ್ಪುತ್ತಿದ್ದರು. ‘ನಿಜ ಕಣಪ್ಪ, ಜಾರಲ್ಲ. ಗಮಕ ನಿನ್ನ ಗಂಟಲಲ್ಲಿ ಬರ್ಬೇಕು. ಪೆಟ್ಟಿಗೆ ನಿನ್ ಕೈ ಹಿಡ್ಕಂಡು ನಿಂತಿರ್ತದೆ, ಅಷ್ಟೆ.’

ಅವರದು ಲೆಗ್ ಹಾರ್ಮೋನಿಯಂ. ಕಾಲಲ್ಲಿ ತಿದಿ ತುಳಿದು ಎರಡೂ ಕೈಯಲ್ಲಿ ನುಡಿಸಬೇಕು. ಹಗಲೆಲ್ಲ ಮಷಿನ್ ತುಳಿದ ಕಾಲೇ ರಾತ್ರಿ ಹತ್ತರಿಂದ ಬೆಳಗಿನ ತನಕ ಅದನ್ನೂ ತುಳಿಯಬೇಕು. ಸುಗ್ಗಿ ಮುಗಿದು ಯುಗಾದಿ ಹತ್ತಿರ ಬಂದರೆ ಊರೂರಲ್ಲಿ ನಾಟಕ, ಅಂಗಡಿಯಲ್ಲಿ ಹಬ್ಬದ ಬಟ್ಟೆಯ ರಾಶಿ. ಕೊನೆಯ ವರ್ಷಗಳಲ್ಲಿ ಮೀನಖಂಡ ಊದಿಕೊಳ್ಳುತ್ತಿತ್ತು. ಹಾಗಿದ್ದರೂ ಒಪ್ಪಿಕೊಂಡ ಬಟ್ಟೆಯನ್ನು ಹಬ್ಬದ ಹಿಂದಿನ ಸಂಜೆಯೊಳಗೆ ಕೊಡುತ್ತಿದ್ದರು. ಚನ್ನಪಟ್ಟಣದ ಕಡೆ ನಾಟಕವಾದರೆ ಮೊದಲ ಬಸ್ಸು ಹತ್ತಿ, ಮದ್ದೂರಲ್ಲಿ ವಡೆ ಕಟ್ಟಿಸಿಕೊಂಡು, ಮಕ್ಕಳು ಸ್ಕೂಲಿಗೆ ಹೊರಡುವ ಮುಂಚೆ ಮನೆ ಸೇರುತ್ತಿದ್ದರು.

ದೊಡ್ಡ ಮಗಳು ಎಸ್ಸೆಸ್ಸೆಲ್ಸಿ ಬರೆದ ವರ್ಷ ಪರೀಕ್ಷೆ ಮುಗಿಯುವ ತನಕ ಯಾವ ಊರಿಗೂ ಹೋಗಲಿಲ್ಲ. ನಮ್ಮೂರಲ್ಲಿ ಪಾಂಪ್ಲೆಟ್ ಹಂಚಿಯಾಗಿತ್ತು, ಯಜಮಾನರು ಸಿಟ್ಟಾದರು. ‘ಬೇರೆ ಮೇಷ್ಟ್ರನ್ನ ನೋಡ್ಕಳಿ, ಬೇಜಾರಿಲ್ಲ’ ಎಂದರು. ನಾವು ನಾಟಕವನ್ನೇ ಮುಂದಕ್ಕೆ ಹಾಕಿದೆವು. ಚಿಕ್ಕವಳಿಗೆ ತಾವೇ ಹಾರ್ಮೋನಿಯಂ ಕಲಿಸಿದರು. ಹೆಣ್ಣುಮಗಳು ರಾತ್ರಿಯೆಲ್ಲ ನಾಟಕಕ್ಕೆ ಕೂರುತ್ತಾಳಾ ಎಂದು ಕೇಳಿದವರಿಗೆ ‘ಕೂರ್ತಾಳೆ, ಪಕ್ಕದಲ್ಲಿ ನಾನಿರ್ತೀನಿ’ ಎಂದರು. ಇದ್ದರು ಕೂಡ.

ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ, ಅರ್ಜಿ ಹಾಕಿ ಎಂದು ನಾನು ಫಾರಂ ತಂದುಕೊಟ್ಟಿದ್ದೆ. ‘ನಂಗೆ ಹೊಲಿಗೆ ಐತಲ್ಲಪ್ಪ. ಏನೂ ಇಲ್ದೋರಿಗೆ ಸಿಗ್ಲಿ’ ಎಂದು ಮಡಿಸಿ ನನ್ನ ಕೈಗೇ ಇಟ್ಟರು.

ಈಗ ಮುಖ್ಯ ಮಾತು. ನಮ್ಮ ಕಡೆ ಪೌರಾಣಿಕ ನಾಟಕ ನಡೆಯುವುದು ಪಾತ್ರಧಾರಿಗಳು ಕಟ್ಟುವ ದುಡ್ಡಿನಿಂದ. ಸೀನರಿಗೆ, ಮೈಕ್ ಸೆಟ್ಟಿಗೆ, ಸ್ತ್ರೀಪಾತ್ರದವರಿಗೆ ಮೊದಲೇ ಅಡ್ವಾನ್ಸ್ ಹೋಗುತ್ತದೆ. ತಿಂಗಳುಗಟ್ಟಲೆ ಕಲಿಸಿದ ಮೇಷ್ಟ್ರಿಗೆ ಮಾತ್ರ ‘ನಾಟಕ ಆಗ್ಲಿ, ಒಟ್ಟಿಗೆ ಕೊಡ್ತೀವಿ’ ಎಂಬ ಮಾತು. ನಾಟಕ ಆದ ಮೇಲೆ ಹಾರ, ಶಾಲು ಸಿಗುತ್ತದೆ, ದುಡ್ಡು ಅರ್ಧಂಬರ್ಧ. ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಊರು, ವರ್ಷ, ಬಾಕಿ ಎಲ್ಲ ಬರೆದಿಟ್ಟಿದ್ದಾರೆ. ಅಕ್ಕ ನನಗೆ ತೋರಿಸಿದರು. ಅದರಲ್ಲಿ ನಮ್ಮೂರೂ ಇತ್ತು. ನಾವು ಪಾತ್ರಧಾರಿಗಳು ಸೇರಿ ತೀರಿಸಿದ್ದೇವೆ. ಉಳಿದ ಊರುಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅವರವರಿಗೇ ಗೊತ್ತು.

ಬಾಕಿ ಇರುವವರು ದಯಮಾಡಿ ಅಕ್ಕನ ಕೈಗೆ ಮುಟ್ಟಿಸಿ. ಮೇಷ್ಟ್ರು ನುಡಿಸಿದ್ದನ್ನು ಮೊಬೈಲಿನಲ್ಲಿ ಹಿಡಿದವರು ಅದರ ಪ್ರತಿಯನ್ನು ಚಿಕ್ಕ ಮಗಳಿಗೆ ಕಳಿಸಿ. ಅಪ್ಪನ ಮಟ್ಟುಗಳೆಲ್ಲ ಅವಳಿಗೆ ಬರುತ್ತವೆ, ಶ್ರುತಿ ಬರೆದ ಆ ಅಳತೆ ಪುಸ್ತಕವೂ ಅವಳ ಹತ್ತಿರವಿದೆ. ಈ ಸಲ ನಮ್ಮೂರ ನಾಟಕಕ್ಕೆ ಅವಳೇ ಮೇಷ್ಟ್ರು. ಅಡ್ವಾನ್ಸ್ ಕೊಟ್ಟು ಬಂದಿದ್ದೇವೆ. ಬೇರೆ ಊರಿನವರೂ ಕೇಳಬಹುದು. ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತದೆ, ಅಕ್ಕ ಅಲ್ಲೇ ಇರುತ್ತಾರೆ.

— ಮೇಷ್ಟ್ರ ಶಿಷ್ಯ, ಮದ್ದೂರು ತಾಲ್ಲೂಕು